ಮುಲುಂಡಿನಿಂದ ಸಿಎಸ್‌ಎಂಟಿಗೆ 17 ಚಿತ್ರಗಳು

ಮುಂಬಯಿಯ ಫೋರ್ಟಿನ ಒಂದು ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು ಕೊಂಡ ಸ್ಕೆಚ್‌ಬುಕ್ಕು, ಮುಲುಂಡಿನ ನಮ್ಮ ಮನೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಒಂದು ಗೆರೆಯೂ ಬೀಳದೆ ಕುಳಿತಿತ್ತು. 300 ಜಿಎಸ್‌ಎಂ ತೂಕದ ಹತ್ತಿಯ ಕಾಗದ, ಬೆರಳಾಡಿಸಿದರೆ ಒಗೆದು ಒಣಗಿಸಿದ ಖಾದಿಯ ಹಾಗೆ ತರಿತರಿ. ಅದಕ್ಕೆ ಮೊದಲು ನಾನು ಬಿಡಿಸುತ್ತಿದ್ದದ್ದೆಲ್ಲ ಆಫೀಸಿನಲ್ಲಿ ಒಂದೇ ಬದಿ ಮುದ್ರಿಸಿ ಎಸೆದ ಹಾಳೆಗಳ ಬೆನ್ನಿನ ಮೇಲೆ. ಆ ಹಾಳೆಗಳಿಗೆ ನನ್ನ ಹೆದರಿಕೆಯಿರಲಿಲ್ಲ, ನನಗೂ ಅವುಗಳ ಹೆದರಿಕೆಯಿರಲಿಲ್ಲ. ಒಳ್ಳೆಯ ಕಾಗದ ಸಿಕ್ಕಿದರೆ ಕೈ ಇನ್ನಷ್ಟು ಓಡೀತು ಎಂದುಕೊಂಡು ತಂದ ಪುಸ್ತಕ, ಓಡುತ್ತಿದ್ದ ಕೈಯನ್ನೇ ಕಟ್ಟಿಹಾಕಿತು.

ಎಲ್ಲ ತಪ್ಪನ್ನೂ ಕಾಗದದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾನು ಹಡಗು ಸರಕಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ಚಿತ್ರ ನನ್ನ ಹೊಟ್ಟೆಪಾಡಲ್ಲ. ಹತ್ತಾರು ವರ್ಷಗಳಿಂದ ಇಲ್ಲಿನ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗೆ ಕಥೆ, ಕವಿತೆಗಳ ಮಗ್ಗುಲಲ್ಲಿ ಚಿಕ್ಕ ರೇಖಾಚಿತ್ರಗಳನ್ನು ಬಿಡಿಸಿ ಕೊಡುತ್ತಿದ್ದೆ. ಒಂದು ವರ್ಷ ಸಂಪಾದಕ ಸಮಿತಿಯವರೊಬ್ಬರು 14 ಚಿತ್ರಗಳನ್ನೂ ನೋಡಿ, "ಚೆನ್ನಾಗಿವೆ, ಆದರೆ ಈ ಸಲ ಸ್ವಲ್ಪ ಪ್ರೊಫೆಷನಲ್ ಆಗಿರಲಿ" ಎಂದು ವಾಪಸು ಕೊಟ್ಟರು. ಅವರದು ಕೆಟ್ಟ ಮಾತಾಗಿರಲಿಲ್ಲ, ಕೆಟ್ಟ ಮನಸ್ಸಂತೂ ಅಲ್ಲವೇ ಅಲ್ಲ. ಆದರೆ ಪ್ರೊಫೆಷನಲ್ ಎಂದರೆ ಏನೆಂದು ತಿಳಿಯದೆ ನಾನು ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಕುಳಿತೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಈ ಊರಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1996ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯವರೇ ಆಗಿದ್ದ ಹೆಬ್ಬಾರರು, ಕುಣಿಯುವ ದೇಹವೊಂದನ್ನು ನಾಲ್ಕಾರು ಗೆರೆಗಳಲ್ಲಿ ಎತ್ತಿ ನಿಲ್ಲಿಸಬಲ್ಲವರಾಗಿದ್ದರು. ಅಂಥ ಗೆರೆಯನ್ನು ನೋಡಿ ಕಲಿಯಬಹುದು; ಆದರೆ ಅದನ್ನು ಎದುರಿಗಿಟ್ಟುಕೊಂಡು ತನ್ನ ಗೆರೆ ಎಳೆಯ ಹೊರಟವಳ ಗತಿ, ರಾಯರ ಮನೆಯ ಔತಣಕ್ಕೆ ಪಲ್ಯ ಮಾಡಿಕೊಂಡು ಹೋದವಳ ಗತಿಯಂತಾಗುತ್ತದೆ.

ಇದನ್ನು ಆರ್ಟ್ ಬ್ಲಾಕ್ ಎನ್ನುತ್ತಾರೆಂದು ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗ ಹೇಳಿದ. ಹೆಸರು ಸಿಕ್ಕಿದ್ದರಿಂದ ಸ್ವಲ್ಪ ಸಮಾಧಾನವಾಯಿತು, ಜ್ವರಕ್ಕೆ ಹೆಸರು ಸಿಕ್ಕಿದಾಗ ಆಗುವಷ್ಟು. ಹೊರಗಿನವರು ಇದನ್ನು ಕಲ್ಪನೆಯ ಬರಗಾಲವೆಂದು ತಿಳಿಯುತ್ತಾರೆ. ನನ್ನ ಅನುಭವ ಇದಕ್ಕೆ ತಿರುಗುಮುರುಗು. ಪೆನ್ನು ಹಿಡಿದು ಕುಳಿತ ಕೂಡಲೇ ಹತ್ತು ವಿಷಯಗಳು ಬರುತ್ತಿದ್ದವು, ಪ್ರತಿಯೊಂದರ ಬೆನ್ನಿಗೂ ಒಂದು ತೀರ್ಪು ಅಂಟಿಕೊಂಡೇ ಬರುತ್ತಿತ್ತು: ಹೂವು ಮಾರುವವಳು ಬೇಡ, ಎಲ್ಲರೂ ಬಿಡಿಸಿಯಾಗಿದೆ, ಮಳೆಯ ಕಿಟಕಿ ಬೇಡ, ಅಳುಬುರುಕು, ಯಕ್ಷಗಾನದ ಕಿರೀಟ ಬೇಡ, ಊರಿನ ಹಂಬಲ ಮಾರಿದಂತಾಗುತ್ತದೆ. ಹೀಗೆ ಒಂದೊಂದನ್ನೇ ಹೊರಗಟ್ಟುತ್ತ ಅರ್ಧ ಗಂಟೆ ಕಳೆದರೆ ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆಯುತ್ತಿದ್ದಳು, ನಾನು ಪೆನ್ನಿನ ಮುಚ್ಚಳ ಹಾಕಿ ಏಳುತ್ತಿದ್ದೆ.

ಆ ಹುಡುಗನೇ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅದರಲ್ಲಿ ಇರುವುದು ಬಹಳ ಕಡಿಮೆ. ಗುಂಡಿ ಒತ್ತಿದರೆ ಮೂರು ಪದಗಳು ಬರುತ್ತವೆ: ಒಂದು ಜೀವಿ ಅಥವಾ ವಸ್ತು, ಒಂದು ಭಾವ, ಒಂದು ಸ್ಥಳ. ಪ್ರತಿ ಪಟ್ಟಿಯಲ್ಲಿ ನೂರೇ ಪದಗಳಿದ್ದರೂ 10 ಲಕ್ಷ ಜೋಡಣೆಗಳು ಹುಟ್ಟುತ್ತವೆ ಎಂದು ನನ್ನ ಲೆಕ್ಕಿಗಳ ಬುದ್ಧಿ ಕೂಡಲೇ ಗುಣಿಸಿತು. ಬೇಡವೆಂದರೆ ಒಂದೇ ಪದ ಕೊಡುವ ವಿಧಾನವೂ ಇತ್ತು, ಪಕ್ಕದಲ್ಲಿ ಒಂದು ಟೈಮರ್ ಇತ್ತು, ಕೆಳಗೆ ರಮ್ಮಿ ಆಟದ ಜಾಹೀರಾತೊಂದು ಕುಣಿಯುತ್ತಿತ್ತು.

ಮೊದಲ ರಾತ್ರಿ ನಾನು ಒಂದು ಚಿತ್ರವನ್ನೂ ಬಿಡಿಸಲಿಲ್ಲ. ಗುಂಡಿ ಒತ್ತಿದೆ, ಹಿಡಿಸಲಿಲ್ಲ, ಮತ್ತೆ ಒತ್ತಿದೆ. ಕೋಪಗೊಂಡ ಪೆಂಗ್ವಿನ್, ಗ್ರಂಥಾಲಯದಲ್ಲಿ, ಬೇಡ. ಒಂಟಿ ಟೀಪಾಟ್, ಚಂದ್ರನ ಮೇಲೆ, ಬೇಡ. ಎಷ್ಟು ಸಲ ಒತ್ತಿದೆನೆಂದು ಎಣಿಸುವುದು ನನ್ನ ಕಸುಬಿನ ಚಟ. 61ನೆಯ ಸಲಕ್ಕೆ ನಿಲ್ಲಿಸಿದೆ. ತಲೆಯೊಳಗೆ ನಡೆಯುತ್ತಿದ್ದ ತೀರ್ಪಿನ ದರ್ಬಾರು ಈಗ ಬೆರಳ ತುದಿಗೆ ಇಳಿದಿತ್ತು, ಅಷ್ಟೇ ವ್ಯತ್ಯಾಸ. ಮರುದಿನ ಆ್ಯಪ್ ತೆಗೆದುಹಾಕಬೇಕೆಂದೇ ಮಲಗಿದೆ.

ತೆಗೆದುಹಾಕದಂತೆ ತಡೆದದ್ದು ಅವಧಾನದ ನೆನಪು. ಬಹಳ ವರ್ಷಗಳ ಹಿಂದೆ ಅಪ್ಪ ನನ್ನನ್ನು ಮಾಟುಂಗಾಕ್ಕೆ ಒಂದು ಅಷ್ಟಾವಧಾನ ನೋಡಲು ಕರೆದೊಯ್ದಿದ್ದರು. ಎಂಟು ಮಂದಿ ಪೃಚ್ಛಕರ, ಅಂದರೆ ಸವಾಲೊಡ್ಡುವವರ, ನಡುವೆ ಕುಳಿತ ಅವಧಾನಿಗೆ ಒಬ್ಬರು ದತ್ತಪದಿಯೆಂದು ನಾಲ್ಕು ಪದಗಳನ್ನು ಕೊಟ್ಟರು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಕೊಟ್ಟ ವಸ್ತುವಿನ ಮೇಲೆ, ಕೊಟ್ಟ ಛಂದಸ್ಸಿನಲ್ಲಿ, ಸಾಲಿಗೊಂದರಂತೆ ಅವನ್ನು ಹುದುಗಿಸಿ ಪದ್ಯ ಹೇಳಬೇಕು. ನಿಷೇಧಾಕ್ಷರಿಯವರದು ಇನ್ನೂ ಕಾಟ: ಅವಧಾನಿ ಒಂದೊಂದು ಅಕ್ಷರ ಹೇಳಿದ ಹಾಗೆಲ್ಲ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ, ಅದನ್ನೇ ಬೇಡವೆನ್ನುತ್ತಾರೆ. ನನಗೆ ಪದ್ಯಗಳ ಅರ್ಥ ಅಷ್ಟಾಗಿ ಆಗಿರಲಿಲ್ಲ. ಆದರೆ ಪದಗಳು ಬಿದ್ದ ಕ್ಷಣ ಅವಧಾನಿಯ ಮುಖದಲ್ಲಿ ಮೂಡಿದ ನಗು ನೆನಪಿದೆ, ಯಾರೋ ತಿನ್ನಲು ಕೊಟ್ಟ ಹಾಗೆ. "ಈ ಪದ ಬೇಡ, ಬೇರೆ ಕೊಡಿ" ಎಂದು ಅವರು ಕೇಳಲಿಲ್ಲ. ಹಾಗೆ ಕೇಳಬಹುದೆಂಬ ಯೋಚನೆಯೇ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದೂ ಒಂದು ಬಗೆಯ ದತ್ತಪದಿಯೇ. ನಾನು ಮಾತ್ರ ಒಂದೇ ರಾತ್ರಿಯಲ್ಲಿ 61 ಬಾರಿ ಪೃಚ್ಛಕರನ್ನು ಸಭೆಯಿಂದ ಎಬ್ಬಿಸಿ ಕಳಿಸಿದ್ದೆ.

ಮರುದಿನ ಒಂದೇ ನಿಯಮ ಮಾಡಿಕೊಂಡೆ: ಗುಂಡಿ ಒಮ್ಮೆ ಮಾತ್ರ. ಬಂದದ್ದನ್ನು ಬಿಡಿಸಬೇಕು, ಹತ್ತು ನಿಮಿಷದೊಳಗೆ, ಆಫೀಸಿನ ಹಳೆಯ ಹಾಳೆಯ ಬೆನ್ನಿನ ಮೇಲೆ.

ಬಂದದ್ದು ಜಿರಾಫೆ, ನಾಚಿಕೆ, ಲಾಂಡ್ರಿ. ಲಾಂಡ್ರಿಯೆಂದರೆ ಗಾಜಿನ ಮುಚ್ಚಳದ ಯಂತ್ರಗಳ ಸಾಲು ಎಂದು ಆ್ಯಪ್ ಬರೆದವರು ಭಾವಿಸಿದ್ದಿರಬೇಕು. ನನಗೆ ಗೊತ್ತಿದ್ದದ್ದು ನಮ್ಮ ಕಟ್ಟಡದ ಗೇಟಿನ ಬಳಿ ಇಸ್ತ್ರಿ ಮಾಡುವವನ ತಗಡಿನ ಚಪ್ಪರ. ಅಲ್ಲಿ ಅಡ್ಡಡ್ಡವಾಗಿ ಕಟ್ಟಿದ ಹಗ್ಗದ ಮೇಲೆ ಇಸ್ತ್ರಿಯಾದ ಸೀರೆಗಳು ಇಳಿಬಿದ್ದಿರುತ್ತವೆ, ಮೇಜಿನ ಮೇಲೆ ಹೊದೆಸಿದ ಕಂಬಳಿಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದುಗಲೆ ಒಂದಿದೆ. ಆ ಚಪ್ಪರದ ಎತ್ತರ ಆರು ಅಡಿ ಇದ್ದೀತು. ಹದಿನೈದು ಹದಿನಾರು ಅಡಿಯ ಪ್ರಾಣಿ ಅದರೊಳಗೆ ಹೋಗುವುದಾದರೂ ಹೇಗೆ? ಅದು ಕುತ್ತಿಗೆಯನ್ನು ಮಡಚಲೇಬೇಕು. ಮಡಚಿದ ಕೂಡಲೇ ನಾಚಿಕೆ ತಾನಾಗಿ ಬಂತು. ಒಗೆಯಲು ಕೊಟ್ಟ ತನ್ನ ಚುಕ್ಕೆಯಂಗಿ ಇನ್ನೂ ತಯಾರಾಗಿಲ್ಲವೆಂದು ಬರಿಮೈಯಲ್ಲಿ ಸೀರೆಗಳ ಹಿಂದೆ ನಿಂತ ಜಿರಾಫೆ, ಎರಡು ಸೀರೆಗಳ ನಡುವಿನಿಂದ ಮೂತಿ ಮಾತ್ರ ಹೊರಗೆ. ಇಸ್ತ್ರಿಯವನು ಅದರತ್ತ ನೋಡದೆ "ಸಂಜೆ ಬನ್ನಿ" ಎನ್ನುವ ಭಂಗಿಯಲ್ಲಿ ಕೈ ಅಲ್ಲಾಡಿಸುತ್ತಿದ್ದಾನೆ. ಕಾಲುಗಳು ಸರಿಯಾಗಲಿಲ್ಲ, ಮುಂಗಾಲು ಮೇಜಿನ ಕಾಲಿನೊಂದಿಗೆ ಬೆರೆತುಹೋಯಿತು. ಏಳು ತಿಂಗಳಲ್ಲಿ ಅದು ಮೊದಲ ಚಿತ್ರ.

ಚಿತ್ರ ಕೆಟ್ಟಿದ್ದರೂ ನನಗೆ ಬೇಸರವಾಗಲಿಲ್ಲ ಎಂಬುದನ್ನು ಆ ರಾತ್ರಿ ಸ್ವಲ್ಪ ಯೋಚಿಸಿದೆ. ಕಾರಣ ಅಷ್ಟೇನೂ ಉದಾತ್ತವಲ್ಲ: ಬಯ್ಯಲು ನನಗೊಬ್ಬರು ಸಿಕ್ಕಿದ್ದರು. ನಾಚುವ ಜಿರಾಫೆಯನ್ನು ಬಿಡಿಸು ಎಂದದ್ದು ಯಂತ್ರ. ಚಿತ್ರ ಹಾಳಾದರೆ ವಿಷಯವೇ ಅಂಥದ್ದು. ಆ್ಯಪ್ ನನಗೆ ಸ್ಫೂರ್ತಿ ಕೊಟ್ಟಿತೆಂದು ಹೇಳಲಾರೆ, ಅದು ಕೊಟ್ಟದ್ದು ನೆಪ. ವಿಷಯವನ್ನು ನಾನೇ ಆರಿಸಿದಾಗ ಆ ಆಯ್ಕೆಯೇ ನನ್ನ ಯೋಗ್ಯತೆಯ ಪರೀಕ್ಷೆಯಾಗುತ್ತಿತ್ತು, ಗೆರೆ ಎಳೆಯುವ ಮೊದಲೇ ನಾನು ಅದರಲ್ಲಿ ನಪಾಸಾಗಿರುತ್ತಿದ್ದೆ. ಆ ಹೊರೆಯನ್ನು ಯಂತ್ರದ ಹೆಗಲಿಗೆ ದಾಟಿಸಿದ ಮೇಲೆ ಉಳಿದದ್ದು ಕುತ್ತಿಗೆ ಎಲ್ಲಿ ಮಡಚಬೇಕು ಎಂಬಂಥ ಕೈಗೆಟಕುವ ಪ್ರಶ್ನೆಗಳು. (ಎರಡು ತಿಂಗಳ ನಂತರ ಚಿತ್ರಗಳು ಸುಧಾರಿಸತೊಡಗಿದಾಗ, ಒಳ್ಳೆಯವುಗಳ ಹೆಗ್ಗಳಿಕೆಯನ್ನು ನಾನು ಯಂತ್ರಕ್ಕೆ ಬಿಟ್ಟುಕೊಡಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ.)

ಮನೆಯಲ್ಲಿ ಹತ್ತು ನಿಮಿಷ ಸಿಗದ ದಿನಗಳೇ ಹೆಚ್ಚಾದ್ದರಿಂದ ಅಭ್ಯಾಸವನ್ನು ಲೋಕಲ್ ರೈಲಿಗೆ ಒಯ್ದೆ. ಮುಲುಂಡಿನಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಲೋ ಗಾಡಿಯಲ್ಲಿ ನಾಹೂರ್, ಭಾಂಡುಪ್‌ನಿಂದ ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್‌ವರೆಗೆ ಎಲ್ಲ ಕಡೆ ನಿಂತು ಹೋದರೆ ನಿಲ್ದಾಣಗಳ ನಡುವೆ 17 ಅಂತರಗಳಿವೆ. ಇಡೀ ದಾರಿ ಸುಮಾರು ಒಂದು ಗಂಟೆ, ಅಂದರೆ ಒಂದು ಅಂತರಕ್ಕೆ ಸರಾಸರಿ ಮೂರು ಮೂರೂವರೆ ನಿಮಿಷ. ಫಾಸ್ಟ್ ಗಾಡಿ ಬಿಟ್ಟು ಬೆಳಿಗ್ಗೆ ಬೇಗ ಹೊರಟು ಸ್ಲೋ ಹಿಡಿದರೆ ಮಹಿಳೆಯರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಅಲ್ಲದಿದ್ದರೂ ಮೂವರ ಬೆಂಚಿನ ತುದಿಗೆ ಒತ್ತಿ ಕೂರುವ ನಾಲ್ಕನೆಯ ಸೀಟಾದರೂ ಸಿಗುತ್ತದೆ. ಅಂಗೈಯಗಲದ ಒಂದು ನೋಟ್‌ಪುಸ್ತಕ, ಒಂದು 0.3ರ ಪೆನ್ನು, ಗಾಡಿ ಹೊರಟ ಕೂಡಲೇ ಒಂದು ಪದ; ಮುಂದಿನ ನಿಲ್ದಾಣದಲ್ಲಿ ಗಾಡಿ ನಿಂತರೆ ಚಿತ್ರವೂ ನಿಂತಿತು. ಆ್ಯಪಿನ ಟೈಮರನ್ನು ತಡೆದು ನಿಲ್ಲಿಸಬಹುದು, ಮೋಟರ್‌ಮ್ಯಾನನನ್ನು ನಿಲ್ಲಿಸಲಾಗದು.

ಅಂತರಗಳಿಗೆ ಒಂದೊಂದು ಸ್ವಭಾವವಿದೆ ಎಂಬುದು ಆಗ ಗೊತ್ತಾಯಿತು. ವಿಕ್ರೋಲಿಯಿಂದ ಘಾಟ್‌ಕೋಪರ್‌ವರೆಗಿನದು ಉದ್ದ. ಅಲ್ಲಿ ಒಂದು ಮುಖಕ್ಕೆ ಕಣ್ಣು, ಮೂಗಷ್ಟೇ ಅಲ್ಲದೆ ನೆರಳನ್ನೂ ಕೊಡಬಹುದು. ಕರ್ರಿ ರೋಡ್‌ನಿಂದ ಚಿಂಚ್‌ಪೋಕ್ಲಿಗೆ ಉಸಿರೆಳೆಯುವಷ್ಟೇ ಹೊತ್ತು. ಅಲ್ಲಿ ಆನೆ ಬಂದರೂ ಬೆನ್ನಿನ ಒಂದು ಗೆರೆ, ಸೊಂಡಿಲಿನ ಒಂದು ಗೆರೆ, ಮುಗಿಯಿತು. ಗಾಡಿ ಹಳಿ ಬದಲಿಸುವಾಗ ಪೆನ್ನು ಹಾರಿ ಗೆರೆ ಹಲ್ಲುಹಲ್ಲಾಗುತ್ತದೆ. ಮೊದಮೊದಲು ಅದನ್ನು ತಿದ್ದುತ್ತಿದ್ದೆ, ಆಮೇಲೆ ಆ ಹಲ್ಲನ್ನೇ ಗಡ್ಡವೋ ಬೇಲಿಯೋ ಮಾಡುವುದನ್ನು ಕಲಿತೆ. ಕುರ್ಲಾ ಬಂದ ಮೇಲೆ ನಿಂತವರ ಚೀಲಗಳು ಪುಸ್ತಕದ ಮೇಲೆ ತೂಗಾಡುವುದರಿಂದ ಅಲ್ಲಿಂದಾಚೆ ಹಾಳೆಯನ್ನು ನೋಡದೆಯೇ ಬಿಡಿಸಬೇಕಾಗುತ್ತಿತ್ತು. 17ರಲ್ಲಿ ಹದಿಮೂರೋ ಹದಿನಾಲ್ಕೋ ಕಸ. ಆದರೆ ದಿನಕ್ಕೆ 17 ಬಿಡಿಸುವವಳಿಗೆ ಒಂದು ಚಿತ್ರದ ಮೇಲೆ ಅಳುತ್ತ ಕೂರಲು ಪುರುಸೊತ್ತೆಲ್ಲಿ?

ಈ ವ್ಯವಸ್ಥೆ ಕೈಕೊಟ್ಟದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ. ಮಳೆ ಜೋರಾದರೆ ಕುರ್ಲಾ ಮತ್ತು ಸಯನ್ ನಡುವೆ ಹಳಿಯ ಮೇಲೆ ನೀರು ನಿಲ್ಲುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕುರ್ಲಾ ಬಿಟ್ಟಾಗ ನನಗೆ ಬಂದ ಪದ ಸೇತುವೆ. ಮೂರು ನಿಮಿಷದಲ್ಲಿ ಕಮಾನು, ಕಂಬ, ಕೆಳಗೆ ಒಂದು ದೋಣಿ ಬಂದವು; ಹಗುರವಾದ, ಚುರುಕಾದ ಗೆರೆಗಳು. ಗಾಡಿ ನಿಂತಿತು. ಫ್ಯಾನು ನಿಂತಿತು. ಐದು ನಿಮಿಷವಾದ ಮೇಲೆ ಸೇತುವೆಗೆ ಕಟಾಂಜನ ಹಾಕಿದೆ. ಹದಿನೈದು ನಿಮಿಷಕ್ಕೆ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿದೆ. ಅರ್ಧ ಗಂಟೆಗೆ ದೋಣಿಯವನು ಸರಿಯಿಲ್ಲವೆನಿಸಿ ಅವನನ್ನು ನೀರಿನಲ್ಲಿ ಮುಳುಗಿಸಿ, ಆ ಕಪ್ಪನ್ನು ಮುಚ್ಚಲು ನೆರಳು ಹಾಕಿ, ನೆರಳಿಗೆ ಹೊಂದಿಸಲು ಆಕಾಶವನ್ನೂ ಕಪ್ಪು ಮಾಡಿದೆ. ನಲವತ್ತು ನಿಮಿಷದ ನಂತರ ಗಾಡಿ ಅಲುಗಾಡಿದಾಗ ನನ್ನ ತೊಡೆಯ ಮೇಲಿದ್ದದ್ದು ಹೊಲೆದು ಹೊಲೆದು ಬಿಗಿದ ಒಂದು ಕರಿ ಚಿಂದಿ. ಪಕ್ಕದಲ್ಲಿದ್ದ ಮರಾಠಿ ಹೆಂಗಸು ಮೊದಲಿನಿಂದಲೂ ನೋಡುತ್ತಿದ್ದವಳು, "ಮೊದಲು ಚೆನ್ನಾಗಿತ್ತು" ಎಂದಳು. ಸಂಘದ ಸಮಿತಿಯವರ ಮಾತಿಗಿಂತ ಈ ಎರಡು ಪದಗಳ ವಿಮರ್ಶೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಪದ ಕೊಡುವ ಯಂತ್ರ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಪೆನ್ನು ಕಿತ್ತುಕೊಳ್ಳುವ ಮುಂದಿನ ನಿಲ್ದಾಣವೂ ಬೇಕು.

ಎಲ್ಲವೂ ಅವಸರದ್ದೇ ಆಗಿರಲಿಲ್ಲ. ಒಂದು ಭಾನುವಾರ ಬಂದ ಪದ ತುಕ್ಕು. ಬಿಡಿಸಲು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅಡುಗೆಮನೆಯ ಕಿಟಕಿಯ ಗ್ರಿಲ್ಲಿನಲ್ಲಿ ಬೇಕಾದಷ್ಟಿತ್ತು. ಹತ್ತಿರ ಹೋಗಿ ನೋಡಿದರೆ ತುಕ್ಕು ಒಂದೇ ಬಣ್ಣದ್ದಲ್ಲ: ಸರಳು ಗೋಡೆಗೆ ನಾಟಿದ ಮೂಲೆಯಲ್ಲಿ ಕಗ್ಗಂದು, ಸಿಪ್ಪೆ ಎದ್ದಲ್ಲಿ ಹಳೆಯ ಇಟ್ಟಿಗೆಯ ಕೆಂಪು, ಮಳೆನೀರು ಗೋಡೆಯ ಮೇಲೆ ಇಳಿಸಿದ ಗೆರೆಯಲ್ಲಿ ಅರಿಸಿನಕ್ಕೆ ಹತ್ತಿರದ ಒಂದು ಮಬ್ಬು. ನನ್ನ ಬಳಿ ಇದ್ದದ್ದು ಕರಿ ಪೆನ್ನು ಮಾತ್ರ. ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ ಕಣ್ಣಿಗೆ ಬಿತ್ತು, ಮಾಟುಂಗಾದಿಂದ ತಂದ ಚಿಕೋರಿ ಬೆರೆತ ಪುಡಿಯದು. ಹಳೆಯ ಕ್ಯಾಲೆಂಡರಿನ ರಟ್ಟಿನ ನುಣುಪು ಹಿಂಬದಿಯ ಮೇಲೆ ಕುಂಚದಿಂದ ಹನಿಗಳನ್ನಿಟ್ಟು ಒಣಗಲು ಬಿಟ್ಟೆ. ಕಾಫಿಯ ಹನಿ ಒಣಗುವಾಗ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಅಲ್ಲಿನ ಕೊರತೆ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಹರಿಯುವಾಗ ಪುಡಿಯ ಕಣಗಳನ್ನೂ ಒಯ್ದು ಅಲ್ಲೇ ಬಿಡುತ್ತದೆ. ಹಾಗಾಗಿ ಕಲೆಯ ನಡು ತೆಳುವಾಗಿ ಅಂಚು ಗಾಢವಾಗುತ್ತದೆ. ಮೇಜಿನ ಮೇಲಿನ ಲೋಟದ ಉಂಗುರವೂ ಹೀಗೆಯೇ ಆಗುವುದು. ಸಿಪ್ಪೆ ಎದ್ದ ತುಕ್ಕಿನ ಅಂಚು ಹೇಗಿರುತ್ತದೆಯೋ ಹಾಗೆಯೇ ಆ ಹನಿಗಳು ತಮ್ಮಷ್ಟಕ್ಕೆ ಒಣಗಿಕೊಂಡವು. ನಾನು ಮಾಡಿದ್ದೆಂದರೆ ಕಾದದ್ದು, ಒಂದರ ಮೇಲೆ ಇನ್ನೊಂದು ಹನಿ ಇಟ್ಟದ್ದು, ಕೊನೆಯಲ್ಲಿ ಸರಳಿನ ಎರಡು ಕರಿ ಗೆರೆ ಎಳೆದದ್ದು. ತುಕ್ಕು ಬಿಡಿಸುತ್ತೇನೆಂದು ನಾನಾಗಿ ಯಾವ ಜನ್ಮದಲ್ಲೂ ಕೂರುತ್ತಿರಲಿಲ್ಲ. ಕಾಫಿಯ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಆ ಚಿತ್ರ ಈಗಾಗಲೇ ಮಾಸುತ್ತಿದೆ.

ಒಂದೇ ಪದದ ವಿಧಾನದಲ್ಲಿ 500 ಪದಗಳಿವೆಯೆಂದು ಆ್ಯಪೇ ಹೇಳಿಕೊಂಡಿತ್ತು. ತಿಂಗಳು ತುಂಬುವ ಮೊದಲೇ ಕೊಡೆ ಎರಡನೆಯ ಸಲ ಬಂದಾಗ, 500ರಲ್ಲಿ ಇಷ್ಟು ಬೇಗ ಮರುಕಳಿಸುವುದೇ, ಯಂತ್ರ ಕೆಟ್ಟಿದೆ ಎಂದು ಆಫೀಸಿನಲ್ಲಿ ದೂರಿದೆ. ಪಕ್ಕದ ಮೇಜಿನವರು ನಕ್ಕು ಹಳೆಯ ಜನ್ಮದಿನದ ಲೆಕ್ಕವನ್ನು ನೆನಪಿಸಿದರು: 23 ಜನರಿರುವ ಕೋಣೆಯಲ್ಲಿ ಇಬ್ಬರ ಹುಟ್ಟುದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. 500 ಪದಗಳಿಗೆ ಅದೇ ಲೆಕ್ಕ ಹಾಕಿದರೆ 27ನೆಯ ಪದ ಬರುವಷ್ಟರಲ್ಲಿ ಯಾವುದೋ ಒಂದು ಮರುಕಳಿಸಿರುವ ಸಂಭವ ಅರ್ಧ ದಾಟುತ್ತದೆ. ಮರುಕಳಿಸದೇ ಇದ್ದಿದ್ದರೆ ಅನುಮಾನಪಡಬೇಕಿತ್ತು. ಎರಡನೆಯ ಕೊಡೆಯನ್ನು ಒಳಗಿನಿಂದ ಕಂಡ ಹಾಗೆ ಬಿಡಿಸಿದೆ, ಕಡ್ಡಿಗಳು ಮಾತ್ರ.

ಅಕ್ಟೋಬರಿನಲ್ಲಿ ಇಂಕ್‌ಟೋಬರ್ ಪ್ರಯತ್ನಿಸಿದೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಶಾಯಿಯ ಕೈ ಪಳಗಿಸಿಕೊಳ್ಳಲು ಶುರುಮಾಡಿದ್ದು ಅದು, 31 ದಿನಗಳಿಗೆ 31 ಚಿತ್ರ. ನಾನು 9ನೆಯ ದಿನಕ್ಕೆ ಬಿಟ್ಟೆ. ಅದರಲ್ಲಿ ದಿನಕ್ಕೊಂದು ಪದದ ಪಟ್ಟಿ ಮೊದಲೇ ಕೈಗೆ ಸಿಗುತ್ತದೆ. ಸಿಕ್ಕಿದರೆ ನಾಳಿನದನ್ನು ಇಂದೇ ಯೋಚಿಸುತ್ತೇನೆ, ಯೋಚಿಸಿದರೆ ಹಳೆಯ ದರ್ಬಾರು ಮತ್ತೆ ನೆರೆಯುತ್ತದೆ. ಬೇರೆಯವರಿಗೆ ಅದು ಒಗ್ಗಬಹುದು. ನನಗೆ ಬೇಕಿದ್ದದ್ದು ಪದ ಬೀಳುವುದಕ್ಕೂ ಗೆರೆ ಬೀಳುವುದಕ್ಕೂ ನಡುವೆ ಯೋಚನೆಗೆ ಜಾಗವೇ ಇಲ್ಲದ ಸ್ಥಿತಿ.

ಇಷ್ಟರಲ್ಲಿ ಆ್ಯಪಿನ ಪದಗಳು ಸ್ವಲ್ಪ ಸಪ್ಪೆಯೆನಿಸತೊಡಗಿದ್ದವು. ಹಿಮಮಾನವ, ಕುಂಬಳಕಾಯಿಯ ದೀಪ, ಬೆಂಕಿಗೂಡು, ಡ್ರ್ಯಾಗನ್. ಹಿಮಮಾನವನನ್ನು ನಾನು ಎರಡು ಬಾರಿ ದಾದರಿನ ಐಸ್ ಗೋಲಾ ಗಾಡಿಯವನಾಗಿ ಮಾಡಿ ಪಾರಾಗಿದ್ದೆ. ಮೂರನೆಯ ಬಾರಿ ಜಾಣತನ ಅತಿಯಾದೀತು ಎನಿಸಿತು. ಕನ್ನಡದಲ್ಲಿ ನಾನೇ ಚೀಟಿ ಬರೆದು ಒಂದು ಸ್ಟೀಲಿನ ಡಬ್ಬಿಗೆ ತುಂಬಿದೆ: ಒರಳುಕಲ್ಲು, ಹೊಸಿಲು, ಕಂದೀಲು, ಗೇರುಹಣ್ಣು, ಹೀಗೆ ಅರುವತ್ತು. ಒಂದು ವಾರದಲ್ಲಿ ಕೈ ಮತ್ತೆ ನಿಂತಿತು. ಎಲ್ಲವೂ ನನ್ನ ಪದಗಳೇ, ಎಲ್ಲದರಲ್ಲೂ ನಾನು ಹೀಗೆ ಕಾಣಬೇಕೆಂಬ ಆಸೆ ಮೊದಲೇ ಬೆರೆತಿತ್ತು. ಕಂದೀಲು ಎಂದು ಬರೆಯುವಾಗಲೇ ಅದರ ಚಿತ್ರ ಸಂಚಿಕೆಯಲ್ಲಿ ಅಚ್ಚಾದ ಹಾಗೆ ಕಣ್ಣಮುಂದೆ ಬಂದಿತ್ತು. ಅವಧಾನದಲ್ಲಿ ಪೃಚ್ಛಕರು ಎದುರಿಗೆ ಕೂರಬೇಕು, ಅವಧಾನಿಯೇ ತನಗೆ ತಾನು ಪದ ಕೊಟ್ಟುಕೊಂಡರೆ ಅದು ಬರಿಯ ಕಂಠಪಾಠವಾಗುತ್ತದೆ.

ಆ ಚೀಟಿಗಳನ್ನು ಒಲೆಯ ಬಳಿಯ ಕಸಕ್ಕೆ ಸುರಿದು ಖಾಲಿ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ, ಪಕ್ಕದಲ್ಲಿ ಕತ್ತರಿಸಿದ ಕಾಗದಗಳು ಮತ್ತು ಒಂದು ಪೆನ್ಸಿಲ್. ಮನೆಗೆ ಬಂದವರು ಏನಾದರೂ ಒಂದು ಬರೆದು ಹಾಕಬೇಕೆಂದೂ ನಾನು ಇಣುಕಿ ನೋಡುವುದಿಲ್ಲವೆಂದೂ ಹೇಳಿದೆ. ಅಕ್ಕನ ಮಗ ತನ್ನ ಪಠ್ಯದಿಂದ ಘರ್ಷಣೆ, ಟಾರ್ಕ್ ಎಂದೆಲ್ಲ ಬರೆದು ಸೇಡು ತೀರಿಸಿಕೊಂಡ. ಮನೆಗೆಲಸಕ್ಕೆ ಬರುವ ಹೆಂಗಸು ಅಕ್ಷರ ಬೇಡವೆಂದು ಒಂದು ಗುಂಡನೆಯ ಸುರುಳಿ ಬರೆದು ಹಾಕಿದಳು. ಅದು ಜಿಲೇಬಿಯೋ, ಪೊರಕೆಯ ಗುರುತೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಎದುರುಮನೆಯ ಆರು ವರ್ಷದ ಹುಡುಗಿ ಬರೆಸಿದ ಚೀಟಿಯಲ್ಲಿ ಅಜ್ಜನ ಹಲ್ಲು ನೀರಿನಲ್ಲಿ ಎಂದಿತ್ತು. ಅದನ್ನು ನಾನು ವಿಕ್ರೋಲಿ ಮತ್ತು ಘಾಟ್‌ಕೋಪರ್ ನಡುವೆ ಬಿಡಿಸಿದೆ. ಗಾಜಿನ ಲೋಟದಲ್ಲಿ ನಗುವೊಂದು ತೇಲುತ್ತಿರುವ ಆ ಚಿತ್ರ ಆ ವರ್ಷದ ಸಂಚಿಕೆಯಲ್ಲಿ ಅಚ್ಚಾಯಿತು, ಪ್ರೊಫೆಷನಲ್ ಆಗಿತ್ತೇ ಎಂದು ನಾನು ಕೇಳಲಿಲ್ಲ.

ದುಬಾರಿ ಸ್ಕೆಚ್‌ಬುಕ್ಕನ್ನು ತೆಗೆದದ್ದು ಆಮೇಲೆ, ಒಂದು ಶನಿವಾರ ಮಧ್ಯಾಹ್ನ. ಮೊದಲ ಪುಟವನ್ನು ಹಾಗೆಯೇ ಖಾಲಿ ಬಿಟ್ಟು ಎರಡನೆಯದನ್ನು ತೆರೆದು ಡಬ್ಬಿಗೆ ಕೈ ಹಾಕಿದೆ. ಬಂದದ್ದು ಅಮ್ಮನ ನಡುಗುವ ಅಕ್ಷರದ ಚೀಟಿ: ತೊಗರಿಬೇಳೆ ಮುಗಿದಿದೆ. ಒಳ್ಳೆಯ ವಿಷಯವೆನಿಸಿತು. ಖಾಲಿ ಡಬ್ಬಿ, ತಳದ ಅಂಚಿಗೆ ಅಂಟಿದ ನಾಲ್ಕು ಬೇಳೆ, ಮುಚ್ಚಳದ ಒಳಮೈಯಲ್ಲಿ ವಕ್ರವಾಗಿ ಕಾಣುವ ಅಡುಗೆಮನೆಯ ಕಿಟಕಿ. ಕಾಗದದ ತರಿ ಸ್ಟೀಲಿನ ಹೊಳಪಿಗೆ ಒದಗಿ ಬಂತು, ಒಂದು ಗಂಟೆ ಹಿಡಿಯಿತು. ಮುಗಿಸಿ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಚಿತ್ರವನ್ನು ನೋಡಿದಳು, ಚೀಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಚೀಟಿಯನ್ನು ಅವಳು ಬರೆದದ್ದು ಬುಧವಾರವಂತೆ, ನಾನು ಆಫೀಸಿನಿಂದ ಬರುವಾಗ ತರಲಿ ಎಂದು.